ಒಂದೆರಡು ವರ್ಷ ಕಡಿಮೆ

ಆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದಾಗ ತನ್ನ ವಯಸ್ಸು ಎಷ್ಟೆಂದು ಅವನಿಗೆ ತಟ್ಟನೆ ಹೊಳೆಯಲಿಲ್ಲ. ಮರೆವೇನಲ್ಲ, ಎರಡು ಲೆಕ್ಕಗಳಿದ್ದವು. ಅವನು ಹಲ್ಲಿನ ಡಾಕ್ಟರಾಗಿದ್ದ ಸರ್ಕಾರಿ ಆಸ್ಪತ್ರೆಯ ಲೆಕ್ಕದಲ್ಲಿ ಅವನಿಗೆ ಇನ್ನೂ ಒಂದಿಷ್ಟು ಕಾಲ ಕೆಲಸವಿತ್ತು. ಅಮ್ಮ ಬದುಕಿದ್ದಾಗ ಹೇಳುತ್ತಿದ್ದ ಲೆಕ್ಕದಲ್ಲಿ, ಅಂದರೆ ದೊಡ್ಡ ನೆರೆ ಬಂದು ಓಣಿಯ ಮನೆಗಳಿಗೆ ಸೊಂಟದವರೆಗೆ ನೀರು ನುಗ್ಗಿದ ವರ್ಷ ಅವನು ಹುಟ್ಟಿದ್ದೆಂದು ಎಣಿಸಿದರೆ, ಅವನು ಈಗಾಗಲೇ ನಿವೃತ್ತನಾಗಿ, ಬೆಳಗಿನ ಹೊತ್ತು ಪೇಪರು ಹಿಡಿದುಕೊಂಡು ಹೆಂಡತಿಯ ಓಡಾಟಕ್ಕೆ ಅಡ್ಡವಾಗಿ ಕೂತಿರಬೇಕಾಗಿತ್ತು. ಇಷ್ಟು ವರ್ಷ ಈ ಎರಡು ಲೆಕ್ಕಗಳೂ ಒಂದರ ತಂಟೆಗೆ ಒಂದು ಹೋಗದೆ ಇದ್ದವು. ಈಚೆಗೆ ಮಾತ್ರ, ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತಾಗ, ಈ ಇಬ್ಬರಲ್ಲಿ ಯಾರ ಹಲ್ಲನ್ನು ಉಜ್ಜುತ್ತಿದ್ದೇನೆ ಎಂಬ ತಲೆಹರಟೆ ಪ್ರಶ್ನೆ ಏಳುತ್ತಿತ್ತು. ಬೇರೆಯವರ ವಯಸ್ಸು ಹೇಳುವುದೇ ಕೆಲಸವಾದವನಿಗೆ ಇದು ಶೋಭೆಯಲ್ಲ ಎಂದು ಅವನಿಗೇ ಅನ್ನಿಸುತ್ತಿತ್ತು. ಹೊರಗಿನಿಂದ ಮಗಳು ಬಾಗಿಲು ಬಡಿದಳು. "ಅಪ್ಪಾ, ಇರೋ ಹಲ್ಲೂ ಸವೆದುಹೋಗುತ್ತೆ. ಬೇಗ ಬಾ, ನಂಗೆ ಲೇಟಾಯ್ತು."

ಮಗಳ ವಯಸ್ಸಿನ ಬಗ್ಗೆ ಯಾವ ಗೊಂದಲವೂ ಇರಲಿಲ್ಲ. ತಡವಾಗಿ ಹುಟ್ಟಿದವಳು, ಅವಳು ಹುಟ್ಟಿದ ಗಳಿಗೆಯಲ್ಲಿ ಅವನು ಹೆರಿಗೆ ಕೋಣೆಯ ಹೊರಗೆ ಗಡಿಯಾರವನ್ನೇ ನುಂಗುವಂತೆ ನೋಡುತ್ತ ನಿಂತಿದ್ದ. ಈಗ ಹದಿನೈದು. ಸಂಜೆಯ ಪಾಠ ಮುಗಿಸಿ ಗೆಳತಿಯ ಜೊತೆ ಹರಟುತ್ತ ಅವಳು ಮನೆ ಸೇರುವಷ್ಟರಲ್ಲಿ ಒಂಬತ್ತು ದಾಟಿರುತ್ತಿತ್ತು, ಮತ್ತು ನಗರಸಭೆ ಹೊರಡಿಸಿದ್ದ ಹೊಸ ನಿಯಮದ ಪ್ರಕಾರ ಹದಿನಾರು ತುಂಬದವರು ಒಂಬತ್ತರ ನಂತರ ಮನೆಯ ದೊಡ್ಡವರ ಜೊತೆಯಿಲ್ಲದೆ ಬೀದಿಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಕಂಡರೆ ಪೊಲೀಸರು ಕರೆದೊಯ್ದು ರಾತ್ರಿ ಠಾಣೆಯಲ್ಲಿ ಕೂರಿಸಿ, ಬೆಳಿಗ್ಗೆ ವಯಸ್ಸು ಖಚಿತ ಮಾಡಿಸಿಕೊಂಡು, ಸರ್ಕಾರಿ ನಿಲಯಕ್ಕೆ ಸೇರಿಸಬೇಕು. ಎಲ್ಲ ಮಕ್ಕಳ ಒಳ್ಳೆಯದಕ್ಕೇ ಎಂದು ಪೇಪರಿನಲ್ಲಿ ಬಂದಿತ್ತು. ಕಳೆದ ವಾರ ಪೊಲೀಸ್ ಜೀಪೊಂದು ಮಗಳನ್ನೂ ಗೆಳತಿಯನ್ನೂ ನಿಲ್ಲಿಸಿತ್ತು. ಯಾರ ಮಗಳು, ಮನೆ ಎಲ್ಲಿ ಎಂದು ಗದರಿದವರು, ಉತ್ತರ ಕೇಳಿದ ಮೇಲೆ ಹಿಂದಿನ ಸೀಟಿನ ಲಾಠಿಗಳನ್ನು ಎತ್ತಿಟ್ಟು ಜಾಗ ಮಾಡಿಕೊಟ್ಟು ಮನೆಯವರೆಗೆ ತಂದು ಬಿಟ್ಟರು. ಅವನು ಗೇಟಿಗೆ ಓಡಿಹೋಗಿ, ಕಾಫಿ ಕುಡಿದೇ ಹೋಗಬೇಕೆಂದು ಒತ್ತಾಯ ಮಾಡಿದ್ದ. ಆಗ ಅವನಿಗೆ ಹೆಮ್ಮೆಯೇ ಆಗಿತ್ತು. ಮರುದಿನ ಎದ್ದು, ತಾನು ಹೆಮ್ಮೆಪಟ್ಟದ್ದು ಯಾತಕ್ಕೆ ಎಂದು ಹುಡುಕಿದರೆ ಕೈಗೆ ಏನೂ ಸಿಗಲಿಲ್ಲ. ಈಗ ತಿಂಡಿಯ ಮುಂದೆ ಕೂತು ಮಗಳು, "ಆ ರೂಲ್ಸೆಲ್ಲ ನಮಗಲ್ಲಪ್ಪಾ, ಬೀದೀಲಿ ಇರೋರಿಗೆ," ಎಂದಳು, ಉಪ್ಪು ಕೇಳುವಷ್ಟು ಸಲೀಸಾಗಿ. ಹೆಂಡತಿ, "ನೀನೇನು ಬೀದೀಲಿ ಬರದೆ ಹಾರ್ಕೊಂಡು ಬರ್ತೀಯೇನೇ?" ಎಂದು ಗದರಿದಳು. ಅವನು ನಕ್ಕ. ಅರ್ಧ ತಿಂದ ತಟ್ಟೆಯನ್ನು ಮಾತ್ರ ಪಕ್ಕಕ್ಕೆ ಸರಿಸಿ ಎದ್ದ.

ಆಸ್ಪತ್ರೆಗೆ ಅವನು ನಡೆದೇ ಹೋಗುತ್ತಿದ್ದ. ಮೊದಲೆಲ್ಲ ಮಾರುಕಟ್ಟೆಯ ಉದ್ದದ ಜಗಲಿಯ ಮೇಲೆ ಈ ಹೊತ್ತಿಗೆ ಗೋಣಿಚೀಲ ಹೊದ್ದು ಮಲಗಿದ ಮಕ್ಕಳು, ಚೀಲದಿಂದ ಹೊರಗೆ ಉಳಿದ ಪಾದಗಳು ಕಾಣುತ್ತಿದ್ದವು. ಆ ಪಾದಗಳನ್ನು ತುಳಿಯದಂತೆ ನಡೆಯುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಈಗಲೂ ಖಾಲಿ ಜಗಲಿಯ ಪಕ್ಕದಲ್ಲಿ ಕಾಲು ತಾನಾಗಿ ಬಳಸಿಕೊಂಡು ಹೋಗುತ್ತಿತ್ತು. ಬಟ್ಟೆ ಅಂಗಡಿಯವನು ಕೊಳವೆಯಿಂದ ನೀರು ಬಿಟ್ಟು ಜಗಲಿ ತೊಳೆಯುತ್ತ, "ನೋಡಿ ಡಾಕ್ಟ್ರೇ, ಎಷ್ಟು ನೀಟಾಗಿದೆ. ಮೊದ್ಲು ಷಟರ್ ಎತ್ಬೇಕಾದ್ರೆ ಇವುಗಳನ್ನ ಎಬ್ಬಿಸಿ ಎಬ್ಬಿಸಿ ಸಾಕಾಗ್ತಿತ್ತು," ಎಂದ. "ಹೌದು ಹೌದು," ಎಂದು ಅವನು ಮುಂದೆ ನಡೆದ. ಒಂದು ಹೌದು ಸಾಕಾಗಿತ್ತು. ಎರಡನೆಯದನ್ನು ಯಾಕೆ ಹೇಳಿದೆ ಎಂದು ಆಸ್ಪತ್ರೆಯ ಗೇಟು ಬರುವವರೆಗೂ ತಲೆ ಕೆಡಿಸಿಕೊಂಡ. ಎದುರಿಗಿದ್ದವರು ಹೇಳಿದ್ದಕ್ಕೆಲ್ಲ ಒಂದು ಹೌದನ್ನು ಹೆಚ್ಚಾಗಿ ಸೇರಿಸಿ ಕೊಡುವುದು ಅವನ ಹಳೆಯ ಚಾಳಿ. ಹೆಂಡತಿ ಇದನ್ನು ಮೆದುತನ ಎನ್ನುತ್ತಿದ್ದಳು, ಅವನಿಗೆ ಸರಿಯಾದ ಹೆಸರು ಗೊತ್ತಿತ್ತು.

ಹಲ್ಲಿನ ವಿಭಾಗ ಎಂದರೆ ಆಸ್ಪತ್ರೆಯ ಹಿಂಬದಿಯಲ್ಲಿ, ಅಡುಗೆಮನೆಯ ಆವಿ ಬಂದು ಕಿಟಕಿ ಸದಾ ಬೆವರುವ ಒಂದು ಕೋಣೆ. ರೆಕ್ಸಿನ್ ಹರಿದ ಒಂದು ಕುರ್ಚಿ, ಅದರ ತಲೆಯ ಮೇಲೆ ಒಂದು ದೀಪ, ಒಂದು ಸಿಂಕು, ಬಾಗಿಲ ಹೊರಗೆ ಒಂದು ಬೆಂಚು. ಕುರ್ಚಿಯನ್ನು ಏರಿಸುವ ಪೆಡಲು ಒತ್ತಿದಾಗೆಲ್ಲ ಕೀ ಎನ್ನುತ್ತಿತ್ತು. ಮಣಿಕಟ್ಟಿನ ಎಕ್ಸರೇ ತೆಗೆದು ಮೂಳೆ ನೋಡಿ ವಯಸ್ಸು ಹೇಳುವ ಡಾಕ್ಟರು ಮುಂಬದಿಯ ಹೊಸ ಕಟ್ಟಡದಲ್ಲಿದ್ದ; ಅವನ ಯಂತ್ರ ಕೆಟ್ಟು ಕೂತ ಮೇಲೆ ಪೊಲೀಸರು ಎಲ್ಲರನ್ನೂ ಇಲ್ಲಿಗೇ ತರುತ್ತಿದ್ದರು. ಆ ಮೂಳೆ ಡಾಕ್ಟರು ಒಮ್ಮೆ ಎಲ್ಲರೂ ಸೇರಿದ್ದ ಸಭೆಯಲ್ಲಿ, "ಬಿಡಿ, ಕುದುರೆ ಕೊಳ್ಳೋರೂ ಹಲ್ಲು ನೋಡೇ ವಯಸ್ಸು ಹೇಳ್ತಾರೆ," ಎಂದಿದ್ದ. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಆ ನಗು ಈಗಲೂ ಒಮ್ಮೊಮ್ಮೆ, ಯಾರದೋ ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡುತ್ತಿರುವಾಗ, ಒಳಗಿನಿಂದ ಕೇಳಿಸಿದಂತಾಗಿ ಅವನ ಕಿವಿ ಬಿಸಿಯಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅವನು ಕೈ ತೊಳೆಯಲು ಸಿಂಕಿನ ಹತ್ತಿರ ಹೋಗುತ್ತಿದ್ದ.

ಆದರೆ ಈ ಕೆಲಸದಲ್ಲಿ ಅವನಿಗೊಂದು ಗುಟ್ಟಾದ ಅಭಿಮಾನವೂ ಇತ್ತು. ಹಲ್ಲು ವಯಸ್ಸನ್ನು ಬೆರಳಿಟ್ಟು ಹೇಳುವುದಿಲ್ಲ. ಆಚೆ ಈಚೆ ಒಂದೆರಡು ವರ್ಷ ಬಿಟ್ಟುಕೊಡುತ್ತದೆ. ಆ ಒಂದೆರಡು ವರ್ಷ ಪೂರ್ತಿ ಅವನ ಕೈಯಲ್ಲಿತ್ತು. ಅನುಮಾನವಿದ್ದರೆ ಕಡಿಮೆ ವಯಸ್ಸನ್ನೇ ಹಿಡಿಯಬೇಕು, ಮಗುವಿಗೆ ಅನುಕೂಲವಾಗಬೇಕು ಎಂದು ಮಕ್ಕಳನ್ನು ಕಾಪಾಡುವ ಹಳೆಯ ಕಾನೂನು ಹೇಳುತ್ತಿತ್ತು, ಮತ್ತು ಅದರಷ್ಟು ಅವನ ಮನಸ್ಸಿಗೆ ಹಿಡಿಸಿದ ಮಾತು ಇನ್ನೊಂದಿರಲಿಲ್ಲ. ಜೇಬು ಕತ್ತರಿಸಿಯೋ ಸೈಕಲ್ ಕದ್ದೋ ಸಿಕ್ಕಿಬಿದ್ದ, ಗಡ್ಡ ಚಿಗುರಿದ ಎಷ್ಟೋ ಮಂದಿಯನ್ನು ಅವನು ಹದಿನೇಳಕ್ಕೆ ಇಳಿಸಿ ಜೈಲಿನಿಂದ ತಪ್ಪಿಸಿದ್ದ. ಯಾರೂ ಅವನಿಗೆ ಕೃತಜ್ಞತೆ ಹೇಳಲಿಲ್ಲ, ಅವನು ಬಯಸಲೂ ಇಲ್ಲ. ಸಂಜೆ ಮನೆಗೆ ಹೋಗುವಾಗ ಮಾತ್ರ, ಇವತ್ತು ಒಬ್ಬನಿಗೆ ಎರಡು ವರ್ಷ ಕೊಟ್ಟೆ ಎಂದು, ದಾನ ಮಾಡಿದವನ ಹಾಗೆ ಹಗುರಾಗಿ ನಡೆಯುತ್ತಿದ್ದ. ಒಂಬತ್ತರ ನಿಯಮ ಬಂದ ಮೇಲೂ ಅವನ ಕೈ ಅದೇ ಅಭ್ಯಾಸದಲ್ಲಿತ್ತು. ಹದಿನಾರೋ ಹದಿನೇಳೋ ಎನ್ನುವಂಥ ಬಾಯಿ ಕಂಡರೆ ಹದಿನೈದು ಎನ್ನುತ್ತಿದ್ದ. ನರ್ಸಮ್ಮ ಬರೆದುಕೊಳ್ಳುತ್ತಿದ್ದಳು. ಹದಿನೈದು ಎಂದರೆ ಈಗ ನಿಲಯದ ವ್ಯಾನು ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ; ಗೊತ್ತಿದ್ದದ್ದು ಕೈಯವರೆಗೆ ಇಳಿದು ಬಂದಿರಲಿಲ್ಲ.

ಬೆಂಚಿನ ಮೇಲೆ ಆಗಲೇ ನಾಲ್ಕೈದು ಮಕ್ಕಳು ಕೂತಿದ್ದರು. ಅವರನ್ನು ತಂದವಳು ಠಾಣೆಯ ಹೆಂಗಸು ಪೇದೆ. ಬೀದಿಯ ಮಕ್ಕಳು ಪೊಲೀಸಕ್ಕ ಎಂದು ಕರೆಯುತ್ತಿದ್ದುದರಿಂದ ಆಸ್ಪತ್ರೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಗಟ್ಟಿ ಮೈಯವಳು, ನಿದ್ದೆಗೆಟ್ಟ ಕಣ್ಣಿನವಳು. ಮಕ್ಕಳ ಮೇಲೆ ರೇಗುವಾಗಲೂ ಒಂದು ಕೈಯಲ್ಲಿ ಅವರಿಗೆ ಬನ್ನು ಹಂಚುತ್ತಿದ್ದಳು. "ಗಲಾಟೆ ಮಾಡಿದೋರಿಗೆ ಡಾಕ್ಟ್ರು ಎಲ್ಲಾ ಹಲ್ಲೂ ಕಿತ್ತು ಕೈಗೆ ಕೊಡ್ತಾರೆ," ಎಂದಳು. ಮಕ್ಕಳು ನಕ್ಕರು, ಒಬ್ಬನು ಹೆದರಿ ಬನ್ನನ್ನು ಬೇಗ ಬೇಗ ನುಂಗಿದ. ಕುರ್ಚಿ ಕೀ ಎಂದಿತು, ಇಳಿಯಿತು, ಮತ್ತೆ ಕೀ ಎಂದಿತು. ಒಂಬತ್ತು, ಹನ್ನೊಂದು, ಹನ್ನೆರಡು. ಇವರೆಲ್ಲ ಯಾವ ಅನುಮಾನಕ್ಕೂ ಎಡೆಯಿಲ್ಲದ ಬಾಯಿಗಳು, ಹುಳುಕು ಹಿಡಿದ, ಸಕ್ಕರೆಯ ವಾಸನೆಯ ಬಾಯಿಗಳು. ಕೊನೆಗೆ ಉಳಿದವರು ಇಬ್ಬರು: ಒಬ್ಬ ಹುಡುಗಿ, ಅವಳ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತ ಒಂದು ಚಿಕ್ಕ ಹುಡುಗಿ. "ಅಕ್ಕ ತಂಗಿ," ಎಂದಳು ಪೊಲೀಸಕ್ಕ. "ಚಿಕ್ಕದನ್ನ ಎಲ್ಲಾರೂ ಬಾಲ ಅಂತಾರೆ. ಅಕ್ಕ ಎಲ್ಲಿಗೆ ಹೋದ್ರೂ ಹಿಂದೇನೇ." ಬಾಲ ಅವನನ್ನು ನೋಡಿ, ಕೆಳಗಿನ ಮುಂದಿನ ಹಲ್ಲನ್ನು ನಾಲಿಗೆಯಿಂದ ಅಲ್ಲಾಡಿಸಿ ತೋರಿಸಿತು. ಆ ಒಂದು ಹಲ್ಲೇ ಸಾಕಾಗಿತ್ತು. ಆದರೂ ಅವನು ಬಗ್ಗಿ ಹಿಂದಿನ ದವಡೆಯನ್ನೂ ನೋಡಿ, "ಆರು," ಎಂದ.

ಹುಡುಗಿ ಕುರ್ಚಿ ಹತ್ತಿದಳು, ಆದರೆ ಬಾಯಿ ತೆರೆಯಲಿಲ್ಲ. "ಡಾಕ್ಟ್ರೇ, ಮೊದ್ಲು ಒಂದು ಮಾತು," ಎಂದಳು. ಹಿಂದೆ ಬಾಗಿಲಲ್ಲಿದ್ದ ಪೊಲೀಸಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ. "ನಿಮ್ಮ ವಿಷಯ ನಮ್ಮವರೆಲ್ಲ ಹೇಳಿದಾರೆ. ನೀವು ಒಳ್ಳೆಯೋರಂತೆ, ಎಲ್ಲಾರಿಗೂ ಕಡಿಮೆ ಮಾಡ್ತೀರಂತೆ. ನಂಗೆ ಕಡಿಮೆ ಬೇಡ."

ಅವನ ಕೈಯಲ್ಲಿದ್ದ ಕನ್ನಡಿ ಅಲ್ಲೇ ನಿಂತಿತು. "ನಿಂಗೆಷ್ಟು?"

"ಹದಿನೇಳು. ಬೇಕಾದ್ರೆ ಹದಿನಾರು ಹೇಳಿ, ಪರವಾಗಿಲ್ಲ. ಅದಕ್ಕಿಂತ ಇಳೀಬೇಡಿ." ಅವಳು ಸಂತೆಯಲ್ಲಿ ಚೌಕಾಸಿ ಮಾಡಿ ಪಳಗಿದ ದನಿಯಲ್ಲೇ ಮಾತಾಡಿದಳು, ಆದರೆ ಕುರ್ಚಿಯ ತೋಳನ್ನು ಹಿಡಿದ ಬೆರಳ ಗಿಣ್ಣುಗಳು ಬಿಳಿಚಿದ್ದವು. "ಕೆಳಗೆ ಇಳಿದ್ರೆ ನನ್ನ ದೊಡ್ಡ ಹುಡುಗೀರ ನಿಲಯಕ್ಕೆ ಹಾಕ್ತಾರೆ, ಬಾಲನ್ನ ಪುಟಾಣಿಗಳ ನಿಲಯಕ್ಕೆ. ಅದು ಊರಿನ ಆಚೆ ತುದೀಲಿ. ಅವಳು ನಾನಿಲ್ದೆ ಉಣ್ಣಲ್ಲ ಡಾಕ್ಟ್ರೇ. ನಿದ್ದೇನೂ ಮಾಡಲ್ಲ. ಪೊಲೀಸಕ್ಕ ಒಟ್ಟಿಗೇ ಇಡ್ತೀವಿ ಅಂತಾರೆ. ಹಾಗೆ ಹೇಳೇ ಎಲ್ಲಾರ್ನೂ ಗಾಡಿ ಹತ್ತಿಸೋದು."

"ಬಾಯಿ ತೆಗಿ," ಎಂದ ಅವನು.

ದೀಪದ ಕೆಳಗೆ ಎಲ್ಲವೂ ಸ್ಪಷ್ಟವಾಗಿತ್ತು, ಬೇಡವೆಂದರೂ ಸ್ಪಷ್ಟವಾಗಿತ್ತು. ಕೋರೆಹಲ್ಲುಗಳು ಪೂರ್ತಿ ಇಳಿದಿದ್ದವು. ಎರಡನೆಯ ದವಡೆಹಲ್ಲುಗಳು ಈಚೆಗಷ್ಟೇ ಮೇಲೆದ್ದಿದ್ದವು, ಅಂಚು ಸವೆಯದೆ, ಇನ್ನೂ ಹೊಸ ಪಾತ್ರೆಯ ಹಾಗೆ. ಅದರ ಹಿಂದೆ ಒಸಡು ನುಣ್ಣಗೆ, ಏನನ್ನೂ ಬಚ್ಚಿಟ್ಟುಕೊಳ್ಳದೆ ಇತ್ತು. ಹದಿಮೂರು. ಎಷ್ಟು ಎಳೆದರೂ ಹದಿನಾಲ್ಕರ ಹೊಸ್ತಿಲು. ಇಲ್ಲಿ ಒಂದೆರಡು ವರ್ಷ ಬಿಟ್ಟುಕೊಡುವ ಅನುಮಾನವೇ ಇರಲಿಲ್ಲ. ಮಾರುಕಟ್ಟೆಯಲ್ಲಿ ಹೂವೋ ಪೆನ್ನೋ ಮಾರುತ್ತ, ಹಿಂದೆ ಒಂದು ಬಾಲ ಕಟ್ಟಿಕೊಂಡು ಓಡಾಡುತ್ತ, ತನ್ನ ಮೈಗಿಂತ ದೊಡ್ಡದೊಂದು ವಯಸ್ಸನ್ನು ಇವಳು ಹೊದ್ದುಕೊಂಡಿದ್ದಳು. ಶಾಲೆಗೆ ಸೇರಿಸಿದ ದಿನ ಅವನ ಅಪ್ಪ ಅವನ ಭುಜವನ್ನು ಒತ್ತಿ ಹಿಡಿದಿದ್ದ. ಹೆಡ್‌ಮಾಸ್ಟರರ ಮೇಜು ಅವನ ಎದೆಯ ಮಟ್ಟಕ್ಕಿತ್ತು. "ಇವನಿಗೆ ಆರು ತುಂಬಿದೆ," ಎಂದು ಅಪ್ಪ ಹೇಳುತ್ತಿದ್ದ, ನಡುಗದ ದನಿಯಲ್ಲಿ, ಮಗನಿಗೆ ಮುಂದೆ ಎರಡು ವರ್ಷದ ಸಂಬಳ ಹೆಚ್ಚು ಸಿಗಲಿ ಎಂದು ಅಷ್ಟು ದೂರದ ಲೆಕ್ಕ ಹಾಕಿ. ದಾರಿಯುದ್ದಕ್ಕೂ ಅಪ್ಪ ಪಾಠ ಹೇಳಿಕೊಂಡು ಬಂದಿದ್ದ: ನಗಬೇಡ, ಹೆಸರು ಕೇಳಿದರೂ ತುಟಿ ಅರ್ಧ ಮುಚ್ಚಿಕೊಂಡೇ ಹೇಳು. ಮುಂದಿನ ಹೊಸ ಹಲ್ಲುಗಳೆಲ್ಲ ಬಂದುಬಿಟ್ಟಿದ್ದವು. ಬಾಯಿ ಬಿಟ್ಟರೆ ಎಂಟು ಎಂದು ಗೊತ್ತಾಗುತ್ತಿತ್ತು. ಆಮೇಲೆ ಇಡೀ ವರ್ಷ ಅವನು ಗಿಡ್ಡ ಮಕ್ಕಳ ನಡುವೆ ಒಂಟೆಯ ಹಾಗೆ ಕೂತಿದ್ದ, ಮೊಣಕಾಲು ಬೆಂಚಿಗೆ ತಗಲುತ್ತಿತ್ತು, ನಗಬೇಕಾದಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಯಾರೋ ಅವನ ಒಳ್ಳೆಯದಕ್ಕೆಂದೇ ಎರಡು ವರ್ಷ ಕಿತ್ತುಕೊಂಡಿದ್ದರು. ಅವನು ಅದನ್ನು ಇಷ್ಟು ವರ್ಷ ಊರಿಗೆಲ್ಲ ಹಂಚುತ್ತ ಬಂದಿದ್ದನೆಂದು ಈಗ ಮೊದಲ ಸಲ ಅನ್ನಿಸಿತು.

ಹುಡುಗಿಯ ಕಣ್ಣು ದೀಪದ ಬೆಳಕಿನಲ್ಲೂ ಮಿಟುಕದೆ ಅವನ ಮುಖವನ್ನೇ ಹಿಡಿದಿತ್ತು. ಅವನಿಗೆ ಮಗಳು ನೆನಪಾದಳು, ಜೀಪಿನ ಹಿಂದಿನ ಸೀಟು ನೆನಪಾಯಿತು, ಎತ್ತಿಟ್ಟ ಲಾಠಿಗಳು, ತಾನು ಹೇಳಿದ ಎರಡನೆಯ ಹೌದು. ಇವಳು ಅವನಿಂದ ಕೇಳುತ್ತಿದ್ದದ್ದು ಏನು? ಒಂದು ಸಂಖ್ಯೆ. ಅಷ್ಟು ಜನ ಕಳ್ಳರಿಗೆ ಕೆಳಕ್ಕೆ ಇಳಿಸಿಕೊಟ್ಟವನು ಒಬ್ಬಳಿಗೆ ಮೇಲಕ್ಕೆ ಏರಿಸಲಾರನೇ? ಇವಳು ತಿರುಗಿ ಹೋಗುವುದು ಜಗಲಿಗೆ, ಆ ಜಗಲಿಯಲ್ಲಿ ಏನೇನು ಆಗುತ್ತದೆಂದು ಅವನಿಗೂ ಗೊತ್ತು. ಆದರೆ ತಂಗಿ ಇವಳ ಮಗ್ಗುಲಲ್ಲಿ ಇರುತ್ತಾಳೆ. ಅದನ್ನು ಬಿಟ್ಟು ಬೇರೇನನ್ನೂ ಅವಳು ಬೇಡುತ್ತಿರಲಿಲ್ಲ, ಮತ್ತು ಆ ಗಳಿಗೆಯಲ್ಲಿ ಅವನಿಗೆ ಬೇರೇನೂ ಕಾಣಿಸಲಿಲ್ಲ. ಕನ್ನಡಿಯನ್ನು ಟ್ರೇಯಲ್ಲಿಟ್ಟು, "ಹದಿನಾರು ತುಂಬಿದೆ," ಎಂದು ಜೋರಾಗಿ ಹೇಳಿದ.

ನರ್ಸಮ್ಮನ ಪೆನ್ನು ನಿಂತಿತು. ಈ ಕೋಣೆಯಲ್ಲಿ ಅವನಿಗಿಂತ ಮೊದಲಿನಿಂದ ಇದ್ದವಳು ಅವಳು. ಒಮ್ಮೆ ಹುಡುಗಿಯನ್ನು, ಒಮ್ಮೆ ಅವನನ್ನು ನೋಡಿ, "ಹದಿನಾರಾ ಡಾಕ್ಟ್ರೇ?" ಎಂದಳು. "ತುಂಬಿದೆ," ಎಂದ. ಅವಳು ಬರೆದುಕೊಂಡಳು. ಹುಡುಗಿ ಕುರ್ಚಿಯಿಂದ ಜಿಗಿದು ಇಳಿದು, ತಂಗಿಯ ಕೈ ಹಿಡಿದು, ಯಾರ ಮುಖವನ್ನೂ ನೋಡದೆ ಬಾಗಿಲಿನತ್ತ ಹೊರಟಳು. ಅವನ ಮೈಯಲ್ಲಿ, ಒಳ್ಳೆಯ ಕೆಲಸ ಮಾಡಿ ಮುಗಿಸಿದಾಗ ಆಗುವ, ನಾಚಿಕೆಯ ಅಂಚಿನ ಆ ಹಳೆಯ ಹಗುರತನ ತುಂಬಿಕೊಳ್ಳುತ್ತಿತ್ತು. ಅವನು ಸಿಂಕಿನ ನಲ್ಲಿ ತಿರುಗಿಸಿದ.

"ನಿಲ್ಲು," ಎಂದಳು ಪೊಲೀಸಕ್ಕ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು. "ನೀನು ಹೋಗ್ಬಹುದು. ಅವಳು ಹೋಗೋ ಹಾಗಿಲ್ಲ."

"ಯಾಕೆ? ನಾನು ಅವಳ ಅಕ್ಕ. ದೊಡ್ಡೋರು ಜೊತೆಗಿದ್ರೆ ಸಾಕು ಅಂತ ನೀವೇ ಹೇಳಿದ್ರಿ."

"ದೊಡ್ಡೋರು ಅಂದ್ರೆ ಹದಿನೆಂಟು ಕಣೇ. ನೀನು ಹದಿನಾರು. ನಿನ್ನ ಹಿಡಿಯೋಕೂ ಆಗಲ್ಲ, ಮಗೂನ ನಿನ್ನ ಕೈಗೆ ಕೊಡೋಕೂ ಆಗಲ್ಲ." ಅವಳು ಹುಡುಗಿಯ ತಲೆಯ ಮೇಲಿಂದ ಅವನ ಕಡೆ ನೋಡಿದಳು. "ಏನ್ ಡಾಕ್ಟ್ರೇ ಇದು? ನಿಮ್ಮ ಹತ್ರ ತಂದ್ರೆ ಹದಿನಾರರ ಒಳಗೇ ಹೇಳ್ತೀರಿ ಅಂತ ನಾನು ನಿಶ್ಚಿಂತೆಯಾಗಿದ್ದೆ. ಒಡಹುಟ್ಟಿದ ಮಕ್ಕಳನ್ನ ಬೇರೆ ಮಾಡ್ಬಾರ್ದು ಅಂತ ಕಾನೂನೇ ಇದೆ. ಅದನ್ನ ಹೇಳಿ, ಬೆಳಿಗ್ಗೆ ಎದ್ದು ಆ ನಿಲಯದ ವಾರ್ಡನ್ ಕಾಲು ಹಿಡಿಯೋದೊಂದು ಬಾಕಿ, ದೊಡ್ಡ ಹುಡುಗೀರ ಜೊತೇಲೇ ಚಿಕ್ಕದಕ್ಕೂ ಒಂದು ಹಾಸಿಗೆ ಅಂತ ಒಪ್ಪಿಸಿ ಬಂದಿದೀನಿ. ಇವಳಿಗೆ ಹದಿನಾರಾಯ್ತು ಅಂದ್ರೆ ಇವಳು ನಿಲಯದ ಬಾಗಿಲೂ ದಾಟೋ ಹಾಗಿಲ್ಲ. ಬಾಲ ಒಂದೇ ಹೋಗ್ಬೇಕು."

ನಲ್ಲಿಯಿಂದ ನೀರು ಹರಿಯುತ್ತಲೇ ಇತ್ತು. ಮನೆಯ ದೊಡ್ಡವರು ಎಂದರೆ ಎಷ್ಟು ದೊಡ್ಡವರು ಎಂದು ಅವನು ಎಂದೂ ಕೇಳಿರಲಿಲ್ಲ. ಅವನ ಮನೆಯಲ್ಲಿ ದೊಡ್ಡವರು ಯಾರೆಂದು ಕೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ಮೇಲಕ್ಕೆ ಹೇಳಿದ ಸುಳ್ಳು, ಅದೂ ಬರೀ ಕನಿಕರದಿಂದ ಹೇಳಿದ್ದು, ಇಬ್ಬರ ಕೈಯನ್ನೂ ಹಿಡಿದು ಬಿಡಿಸುತ್ತಿತ್ತು. ಬಾಲಕ್ಕೆ ಏನರ್ಥವಾಯಿತೋ, ಹಲ್ಲು ಅಲ್ಲಾಡಿಸುವುದನ್ನು ನಿಲ್ಲಿಸಿ ಅಕ್ಕನ ಸೊಂಟಕ್ಕೆ ಎರಡೂ ಕೈ ಸುತ್ತಿತು. ಅಳಲಿಲ್ಲ. ಅಳದೆ ಇದ್ದದ್ದನ್ನೇ ಅವನಿಂದ ನೋಡಲಾಗಲಿಲ್ಲ.

ಹುಡುಗಿ ಅವನ ಕಡೆ ತಿರುಗಿದಳು. "ಹದಿನೆಂಟು ಅಂತ ಹೇಳಿ," ಎಂದಳು.

"ಆಗಲ್ಲಮ್ಮ. ಯಾರೂ ನಂಬಲ್ಲ. ಬುದ್ಧಿಹಲ್ಲು ಇಲ್ಲ, ಏನೂ ಇಲ್ಲ."

"ಹಾಗಾದ್ರೆ ಇಳಿಸಿ." ಅವಳು ಮತ್ತೆ ಕುರ್ಚಿ ಹತ್ತಿದಳು. ತಂಗಿಯೂ ಅವಳ ಜೊತೆಗೇ ಹತ್ತಿ ತೊಡೆಯ ಮೇಲೆ ಕೂತಳು, ಯಾರೂ ಬೇಡವೆನ್ನಲಿಲ್ಲ. "ಹನ್ನೆರಡು ಮಾಡಿ, ಹದಿಮೂರು ಮಾಡಿ, ಎಷ್ಟು ಬೇಕಾದ್ರೂ ಮಾಡಿ. ಇನ್ನೊಂದ್ಸಲ ನೋಡಿ ಡಾಕ್ಟ್ರೇ." ತಂಗಿಯ ತಲೆಯ ಮೇಲಿಂದ ಕತ್ತನ್ನು ಹಿಂದಕ್ಕೆ ಚಾಚಿ, ಅಷ್ಟಗಲ ಬಾಯಿ ತೆರೆದು ಕಣ್ಣು ಮುಚ್ಚಿಕೊಂಡಳು. ಹಿಡಿದರೆ ತಪ್ಪಿಸಿಕೊಂಡು ಓಡಬೇಕಾದವಳು, ಹಿಡಿಯಿರಿ ಎಂದು ಬಾಯಿ ತೆರೆದು ಕೂತಿದ್ದಳು.

"ಯೋಚನೆ ಮಾಡಿ ಡಾಕ್ಟ್ರೇ," ಎಂದಳು ಪೊಲೀಸಕ್ಕ ಮೆಲ್ಲಗೆ. "ಬದಲಾಯಿಸಿದ್ರೆ ಮೇಲಿನೋರು ಕೇಳ್ತಾರೆ. ನಿಮಿಷಕ್ಕೊಂದು ವಯಸ್ಸು ಹೇಳ್ತಾರೆ ಅಂತ ನಿಮ್ಮ ಮೇಲೇ ಬರುತ್ತೆ. ಹಿಂದೆ ನೀವು ಹೇಳಿದ್ದನ್ನೆಲ್ಲ ಕೆದಕಿದ್ರೂ ಕೆದಕ್ಬಹುದು." ಅವಳಿಗೆ ಎಲ್ಲ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು, ಗಡ್ಡ ಚಿಗುರಿದ ಹದಿನೇಳರವರ ವಿಷಯವೂ. ಅವನ ಕಿವಿ ಬಿಸಿಯಾಯಿತು. ಮುಂಬದಿಯ ಕಟ್ಟಡದಲ್ಲಿ ನಾಳೆ ನಗುತ್ತಾರೆ; ಈ ಸಲ ಅವರ ಜೊತೆ ಸೇರಿ ನಗಲು ಅವನಿಗೆ ಆಗುವುದಿಲ್ಲ. ಜೈಲಿನಿಂದ ತಪ್ಪಿಸಿಕೊಂಡವರ ಮುಖಗಳು ಒಂದರ ಹಿಂದೆ ಒಂದು ಬಂದು ಬಾಗಿಲಲ್ಲಿ ನಿಂತಂತಾಯಿತು, ನಮ್ಮ ಎರಡು ವರ್ಷವನ್ನೂ ವಾಪಸು ಕೇಳುತ್ತಾರೇನು ಎಂದು. ಅವನಿಗೆ ಹೆದರಿಕೆಯಾಯಿತು. ಹೆದರಿಕೆ ಆಗುತ್ತಿರುವಾಗಲೇ ಕನ್ನಡಿ ಎತ್ತಿಕೊಂಡು ನೋಡಿದ. ಅದೇ ಹೊಸ ದವಡೆಹಲ್ಲುಗಳು, ಅದೇ ನುಣ್ಣನೆಯ ಒಸಡು.

"ಹದಿಮೂರು," ಎಂದ. ಬರೆಯುವ ಮೇಜಿನ ಕಡೆ ತಿರುಗಿದ. "ಮೊದಲು ನೋಡಿದ್ದು ತಪ್ಪು. ಅದನ್ನು ಹೊಡೆದುಹಾಕಿ ನರ್ಸಮ್ಮ. ನಾನು ತಪ್ಪು ಹೇಳಿದೆ ಅಂತಲೇ ಬರೆಯಿರಿ, ಕೆಳಗೆ ನನ್ನ ಸಹಿ ಇರುತ್ತೆ." ನರ್ಸಮ್ಮ ಹಳೆಯದನ್ನು ಹೊಡೆದುಹಾಕಿ ಬರೆದುಕೊಂಡಳು. ಪೊಲೀಸಕ್ಕ ಉಸಿರು ಬಿಟ್ಟು, ವ್ಯಾನಿನವನಿಗೆ ಹೇಳಿ ಬರುತ್ತೇನೆಂದು ಹೊರಗೆ ಹೋದಳು. ಕಿಟಕಿಯ ಗಾಜಿನ ಮೇಲೆ ಆವಿ ಹನಿಯಾಗಿ ಇಳಿಯುತ್ತಿತ್ತು. ಅವನು ಪೆಡಲು ಒತ್ತಿ ಕುರ್ಚಿಯನ್ನು ಕೆಳಗೆ ಇಳಿಸಿದ. ಹುಡುಗಿ ಮಾತ್ರ ಏಳಲಿಲ್ಲ.

"ನಿಜವಾಗ್ಲೂ ಹದಿಮೂರಾ?" ಎಂದಳು.

"ಹೆದರ್ಬೇಡ. ಇಬ್ಬರನ್ನೂ ಒಂದೇ ಕಡೆ ಇಡ್ತಾರೆ. ನಾಳೆ ನಾನೇ ಬಂದು ನೋಡ್ತೀನಿ."

"ಅದಲ್ಲ." ಚೌಕಾಸಿಯ ದನಿ ಹೋಗಿಬಿಟ್ಟಿತ್ತು. "ಪೊಲೀಸಕ್ಕಂಗೆ ಹೇಳಿದ್ದು ಬಿಡಿ. ಹಲ್ಲು ನೋಡಿದ್ರೆ ಗೊತ್ತಾಗುತ್ತಂತಲ್ಲ. ನಂಗೆ ನಿಜವಾಗ್ಲೂ ಎಷ್ಟು?"

ಆಗ ಅವನಿಗೆ ತಿಳಿಯಿತು. ಹದಿನೇಳು ಎಂದದ್ದು ಸುಳ್ಳಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತ ಯಾರೂ ಅವನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರಿಗೂ ಬೇಕಾದದ್ದು ಒಂದು ಅನುಕೂಲದ ವಯಸ್ಸು, ಅವನೂ ಅದನ್ನೇ ಕೊಡುತ್ತ ಬಂದಿದ್ದ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವಳ ಮುಖಕ್ಕೆ ಮುಖ ಕೊಟ್ಟು ಕೂತ. "ನಿಜವಾಗ್ಲೂ ಹದಿಮೂರು," ಎಂದ. "ಒಂದಾರು ತಿಂಗಳು ಆಚೆ ಈಚೆ ಇರಬಹುದು. ಅದಕ್ಕಿಂತ ಹೆಚ್ಚಿಲ್ಲ."

"ಬಾಲಂಗೆ?"

"ಆರು. ಏಳು ಹತ್ತಿರ ಬಂತು."

ಅವಳು ತಂಗಿಯ ಬೆನ್ನ ಹಿಂದೆ ಬೆರಳು ಮಡಿಸುತ್ತ ಎಣಿಸಿದಳು, ಒಮ್ಮೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದಳು. "ಇವಳು ಹುಟ್ಟಿ ಸ್ವಲ್ಪ ದಿನಕ್ಕೇ ಅಮ್ಮ ಹೋದ್ಲು," ಎಂದಳು. "ಇವಳನ್ನ ನನ್ನ ಕೈಗೆ ಕೊಟ್ಟು, ನೀನು ದೊಡ್ಡೋಳು, ನೋಡ್ಕೋ ಅಂದ್ಲು. ನಾನು ದೊಡ್ಡೋಳೇ ಇರ್ಬೇಕು ಅಂದ್ಕೊಂಡಿದ್ದೆ." ಬೆರಳು ಮಡಿಸಿದ ಕೈಯನ್ನು ಹಾಗೇ ಹಿಡಿದುಕೊಂಡು, ತೊಡೆಯ ಮೇಲಿದ್ದ ತಂಗಿಯನ್ನು ಕೆಳಗೆ ಇಳಿಸಿ ಎದುರಿಗೆ ನಿಲ್ಲಿಸಿದಳು. ತೆಳ್ಳಗಿನ ಕತ್ತು, ಮುಷ್ಟಿಯಲ್ಲಿ ಅಡಗುವ ಕೈ, ಅಲ್ಲಾಡುವ ಹಾಲುಹಲ್ಲು. ತಲೆಯಿಂದ ಕಾಲಿನವರೆಗೆ, ಮೊದಲ ಸಲ ನೋಡುವವಳಂತೆ ಅವಳನ್ನು ನೋಡಿದಳು.

"ಇವಳಷ್ಟೇ ಇದ್ದೆನಾ ನಾನು?"

ಹೊರಗೆ ವ್ಯಾನು ಹಾರನ್ ಹೊಡೆಯಿತು. ಅವನು ಹೌದೆಂದ, ಒಂದೇ ಸಲ.